98 ತೋರಿಸಿದರೂ ಉಸಿರು ಸಾಲದು

ಜಮಖಂಡಿ ಕಡೆಯ ಕಬ್ಬಿನ ಹೊಲವೊಂದರ ಗುಡಿಸಲಲ್ಲಿ ನೆಲದ ಮೇಲೆ ಮಲಗಿದ್ದ ಕೂಲಿಕಾರರೊಬ್ಬರನ್ನು ನಸುಕಿನಲ್ಲಿ ವಿಜಯಪುರದ ನಮ್ಮ ಐಸಿಯುಗೆ ಕರೆತಂದಾಗ, ರಕ್ತದಲ್ಲಿನ ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಮೀಟರ್ ಶೇ 98 ತೋರಿಸುತ್ತಿತ್ತು. ಮೂಗಿಗೆ ಆಕ್ಸಿಜನ್ ಹಚ್ಚಿದ್ದರು, ರಕ್ತದೊತ್ತಡ ಸರಿಯಿತ್ತು, ಮೈಮೇಲೆ ಎಲ್ಲೂ ಗಾಯ ಕಾಣಲಿಲ್ಲ. ಅವರ ಹೆಂಡತಿ ಮಾತ್ರ, "ಸಾಹೇಬ್ರ, ಇವರಿಗೆ ಕಣ್ಣ ತೆರಿಯಾಕ ಆಗವಲ್ದು, ಉಗುಳ ಸೈತ ನುಂಗಾಕ ಬರವಲ್ದು" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ರೋಗ ಏನೆಂಬುದು ಆ ಮಾತಿನಲ್ಲೇ ಇತ್ತು. ನಿದ್ದೆಯಲ್ಲಿದ್ದವರನ್ನು ಹೆಚ್ಚಿನ ನೋವೇ ಆಗದಂತೆ ಕಚ್ಚುವ ಕಟ್ಟು ಹಾವಿನ ವಿಷ ಮೊದಲು ರೆಪ್ಪೆಯನ್ನು, ಆಮೇಲೆ ಗಂಟಲನ್ನು, ಕೊನೆಗೆ ಉಸಿರಾಡಿಸುವ ವಪೆಯನ್ನು ಸೋಲಿಸುತ್ತದೆ.

ಒಂದೇ ದಮ್ಮಿಗೆ ಒಂದರಿಂದ ಎಣಿಸಿರಿ ಎಂದೆ. ಕಬಡ್ಡಿ ಆಡಿ ಬೆಳೆದ ಗಂಡಾಳಿಗೆ 30 ದಾಟುವುದು ಕಷ್ಟವಲ್ಲ. ಅವರು 9ಕ್ಕೆ ನಿಂತರು. ಮಣಿಕಟ್ಟಿನ ಅಪಧಮನಿಯಿಂದ ತೆಗೆದ ರಕ್ತದಲ್ಲಿ, 35ರಿಂದ 45ರೊಳಗೆ ಇರಬೇಕಾದ ಇಂಗಾಲದ ಡೈಆಕ್ಸೈಡಿನ ಒತ್ತಡ 71ಕ್ಕೆ ಏರಿತ್ತು.

ಆಕ್ಸಿಮೀಟರ್ ಸುಳ್ಳು ಹೇಳಿರಲಿಲ್ಲ, ನಾವು ಕೇಳಬೇಕಾದ ಪ್ರಶ್ನೆಗೆ ಉತ್ತರ ಅದರ ಬಳಿ ಇರಲಿಲ್ಲ, ಅಷ್ಟೆ. ದೊಡ್ಡವರು ಒಂದು ಸಲಕ್ಕೆ ಎಳೆದುಕೊಳ್ಳುವ ಸುಮಾರು 500 ಮಿ.ಲೀ. ಗಾಳಿಯಲ್ಲಿ 150 ಮಿ.ಲೀ.ನಷ್ಟು ಶ್ವಾಸನಾಳಗಳಲ್ಲೇ ಉಳಿದು ಹಾಗೆಯೇ ಹೊರಬರುತ್ತದೆ, ಉಪಯೋಗಕ್ಕೆ ಬರುವುದು 350 ಮಾತ್ರ. ಸ್ನಾಯು ಸೋತು ಉಸಿರು 200 ಮಿ.ಲೀ.ಗೆ ಇಳಿದರೆ ಗಾಳಿಗೂಡುಗಳಿಗೆ ತಲುಪುವುದು ಬರೀ 50, ಅಂದರೆ ಏಳನೆಯ ಒಂದು ಪಾಲು. ಹೊರಗಿನಿಂದ ಕೊಡುವ ಆಕ್ಸಿಜನ್ ಆ 50ರಲ್ಲೂ ರಕ್ತವನ್ನು ಕೆಂಪಾಗಿ ಇಡಬಲ್ಲದು, ಆದರೆ ಹೊರಹೋಗಬೇಕಾದ ಡೈಆಕ್ಸೈಡ್ ಒಳಗೇ ತುಂಬುತ್ತಾ ಹೋಗುತ್ತದೆ.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ವೈದ್ಯರು ಎಡವಿದ್ದೂ ಇಲ್ಲಿಯೇ. ಮೊದಲ ಮೂರು ವಾರಗಳಲ್ಲಿ ಅಂದಿನ ಉಸಿರಾಟದ ಯಂತ್ರಗಳಲ್ಲಿಟ್ಟ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ರಕ್ತದಲ್ಲಿ ಕ್ಷಾರ ಹೆಚ್ಚಿದೆಯೆಂದು ಉಳಿದವರು ಭಾವಿಸಿದ್ದಾಗ, ಅದು ಒಳಗೆ ಉಳಿದ ಡೈಆಕ್ಸೈಡಿನ ಗುರುತೆಂದು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗುರುತಿಸಿದರು. ಗಂಟಲಿಗೆ ರಂಧ್ರ ಮಾಡಿ, ನಳಿಕೆ ಇಳಿಸಿ, ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ಚೀಲ ಹಿಸುಕಿ ಉಸಿರು ಕೊಟ್ಟರು. ಇಂದಿಗೂ ನಮ್ಮ ಆಂಬುಲೆನ್ಸ್‌ಗಳಲ್ಲಿ ಅದೇ ಬಗೆಯ ಚೀಲ ಇರುತ್ತದೆ. ಅದನ್ನು ನಿಮಿಷಕ್ಕೆ 10ರಿಂದ 12 ಸಲ, ಎದೆ ಏಳುವುದು ಕಂಡರೆ ಸಾಕೆನ್ನುವಷ್ಟೇ ಹಿಸುಕಬೇಕು. ಗಾಬರಿಯಲ್ಲಿ ಜೋರಾಗಿ ಹಿಸುಕಿದರೆ ಅಪಾಯ.

ವೆಂಟಿಲೇಟರ್ ಹಾಕಿದ ಮೇಲೆ ಇನ್ನಷ್ಟು ಎಚ್ಚರ ಬೇಕು. ಯಂತ್ರ ಶ್ವಾಸಕೋಶಕ್ಕೆ ಔಷಧವಲ್ಲ, ದೇಹ ತಾನೇ ರಿಪೇರಿಯಾಗುವವರೆಗೆ ಸಮಯ ಕೊಡುತ್ತದೆ. ಒತ್ತಡ ಮೀರಿದರೆ ಗಾಳಿಗೂಡುಗಳನ್ನೇ ಗಾಯಗೊಳಿಸುತ್ತದೆ. ತೀವ್ರ ನ್ಯುಮೋನಿಯಾದಂಥ ಕಾರಣಗಳಿಂದ ಶ್ವಾಸಕೋಶದಲ್ಲಿ ದ್ರವ ತುಂಬಿದ 861 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಉಸಿರಿಗೆ ತೂಕದ ಪ್ರತಿ ಕೆ.ಜಿ.ಗೆ 12 ಮಿ.ಲೀ. ಬದಲು 6 ಮಿ.ಲೀ. ಗಾಳಿ ಕೊಟ್ಟಾಗ ಸಾವು ಸುಮಾರು ಶೇ 40ರಿಂದ ಶೇ 31ಕ್ಕೆ ಇಳಿಯಿತು. ಈ ಕೆ.ಜಿ. ತಕ್ಕಡಿಯದಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು, ಏಕೆಂದರೆ ಮನುಷ್ಯ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. 165 ಸೆಂ.ಮೀ. ಎತ್ತರದ ಗಂಡಸು 90 ಕೆ.ಜಿ. ತೂಗಿದರೂ ಅವನಿಗೆ ಸಲ್ಲುವುದು ಸುಮಾರು 370 ಮಿ.ಲೀ. ಹಾಗಾಗಿಯೇ ನಮ್ಮ ನರ್ಸ್‌ಗಳು ಮೊದಲು ಟೇಪು ಹಿಡಿದು ರೋಗಿಯ ಎತ್ತರ ಅಳೆಯುತ್ತಾರೆ.

ನಮ್ಮ ರೋಗಿಯ ಶ್ವಾಸಕೋಶ ಚೆನ್ನಾಗಿತ್ತು. ಸೋತಿದ್ದು ನರದ ತುದಿಗಳು. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಅದಾಗಲೇ ಹಾಳಾದ ತುದಿಗಳನ್ನು ಸರಿಪಡಿಸಲಾರದು, ಅವು ಮತ್ತೆ ಚಿಗುರಲು ದಿನಗಳೇ ಬೇಕು. ಅಷ್ಟು ದಿನ ರೋಗಿ ಹೆಣದಂತೆ ಬಿದ್ದಿದ್ದರೂ ಎಚ್ಚರವಿರುತ್ತಾರೆ, ಕಿವಿ ಕೇಳಿಸುತ್ತಿರುತ್ತದೆ. ಇದನ್ನು ತಿಳಿಯದೆ ಹಾಸಿಗೆಯ ಪಕ್ಕದಲ್ಲೇ "ಆಸೆ ಇಲ್ಲ" ಎಂದು ಮಾತಾಡುವುದು ಕ್ರೌರ್ಯ. ನಾವು ಪ್ರತಿ ಪಾಳಿಯಲ್ಲೂ ಅವರಿಗೆ ದಿನ, ಹೊತ್ತು, ಮಾಡಲಿರುವ ಕೆಲಸ ಹೇಳುತ್ತಿದ್ದೆವು.

ಆರನೆಯ ದಿನ ಅವರು ದಿಂಬಿನಿಂದ ತಲೆ ಎತ್ತಿ ಐದು ಸೆಕೆಂಡು ಹಿಡಿದರು. ಯಂತ್ರದ ನೆರವನ್ನು ಅತಿ ಕಡಿಮೆ ಮಾಡಿ 30 ನಿಮಿಷ ಕಾದೆವು. ಉಸಿರಿನ ವೇಗ ಏರಲಿಲ್ಲ, ಬೆವರಲಿಲ್ಲ, ಕುತ್ತಿಗೆಯ ಸ್ನಾಯು ಬಿಗಿಯಲಿಲ್ಲ. ನಳಿಕೆ ತೆಗೆದ ಮೇಲೆ ಮತ್ತೆ ಎಣಿಸಲು ಹೇಳಿದೆ. 28ರವರೆಗೆ ಹೋಗಿ ನಿಲ್ಲಿಸಿ, ಒಡಕು ದನಿಯಲ್ಲಿ, ರಾತ್ರಿ ಪಾಳಿಯಲ್ಲಿ "ಇವತ್ತ ಸೋಮವಾರ ರೀ" ಅಂತ ಹೇಳುತ್ತಿದ್ದ ಅಕ್ಕಾರು ಯಾರು ಎಂದು ಕೇಳಿದರು.