ತಾತ ಬರ್ಮಾದಿಂದ ತಂದ ಜಪಾನಿ ಕತ್ತಿ ಅಸಲಿಯಾ?

ಪ್ರಶ್ನೆ: ನಮ್ಮ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾದಲ್ಲಿದ್ದರು. ಅವರು ತಂದದ್ದು ಎನ್ನುವ ಜಪಾನಿ ಕತ್ತಿಯೊಂದು ಮನೆಯಲ್ಲಿದೆ. ಸಮುರಾಯ್ ಕತ್ತಿ, ಲಕ್ಷಗಟ್ಟಲೆ ಬಾಳುತ್ತೆ ಅಂತ ಕೆಲವರು. ಬರೀ ಡೂಪ್ಲಿಕೇಟ್ ಅಂತ ಇನ್ನು ಕೆಲವರು. ಅಸಲಿಯೋ ಅಲ್ಲವೋ ಕಂಡುಹಿಡಿಯೋದು ಹೇಗೆ?

ಉತ್ತರ: ಏನೇ ಮಾಡುವ ಮೊದಲು ಒಂದು ಮಾತು. ಅದನ್ನು ಉಜ್ಜಬೇಡಿ. ಹುಣಸೆಹಣ್ಣು, ಬೂದಿ, ಬ್ರಾಸೊ, ಸ್ಯಾಂಡ್ ಪೇಪರ್, ಯಾವುದೂ ಬೇಡ. ನಮ್ಮಲ್ಲಿ ಆಯುಧ ಪೂಜೆ ಬಂತೆಂದರೆ ಕತ್ತಿಯನ್ನು ಫಳಫಳ ಹೊಳೆಯುವ ಹಾಗೆ ತಿಕ್ಕಿ, ಒದ್ದೆ ಕುಂಕುಮ ಹಚ್ಚಿ ಹಾಗೇ ಬಿಡುತ್ತಾರೆ. ಆ ಕಲೆ ಆಮೇಲೆ ಹೋಗುವುದಿಲ್ಲ. ಈ ವರ್ಷ ಕುಂಕುಮ ಒರೆಗೆ ಇಟ್ಟರೆ ಸಾಕು.

ಇನ್ನು ನಿಮ್ಮ ಪ್ರಶ್ನೆ. ಇದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಈ ಕತ್ತಿ ನಿಜವಾಗಿಯೂ ಜಪಾನಿ ಸೇನೆಯದ್ದಾ, ಅನ್ನೋದು ಒಂದು. ಇದರ ಅಲಗನ್ನು ಹಳೆಯ ಪದ್ಧತಿಯಲ್ಲಿ ಕೈಯಿಂದ ಬಡಿದು ಮಾಡಿದ್ದಾ, ಅನ್ನೋದು ಇನ್ನೊಂದು. ಮೊದಲನೆಯದಕ್ಕೆ 'ಹೌದು' ಅಂತಾದರೂ ಎರಡನೆಯದಕ್ಕೆ 'ಅಲ್ಲ' ಅನ್ನುವ ಉತ್ತರವೇ ಜಾಸ್ತಿ. ಹಾಗಂತ ಅದು ನಕಲಿ ಅಲ್ಲ. ಯುದ್ಧಕಾಲದ ಕಾರ್ಖಾನೆ ಕತ್ತಿ, ಅಷ್ಟೆ.

ಹೀಗಾಗಿದ್ದಕ್ಕೆ ಕಾರಣವಿದೆ. 1876ರಲ್ಲಿ ಜಪಾನ್ ಸರ್ಕಾರ ಜನ ಕತ್ತಿ ಕಟ್ಟಿಕೊಂಡು ಓಡಾಡುವುದನ್ನೇ ನಿಷೇಧಿಸಿತು. ಕಮ್ಮಾರರ ಕುಲುಮೆಗಳು ಒಂದೊಂದಾಗಿ ಆರಿದವು. ಸೇನೆಯವರು ಯುರೋಪಿನ ಮಾದರಿಯ, ಬೆರಳಿಗೆ ಕಮಾನಿನ ರಕ್ಷಣೆ ಇರುವ ಕತ್ತಿ ಹಿಡಿದರು. 1934ರಲ್ಲಿ ಮತ್ತೆ ಹಳೆಯ ಸಮುರಾಯ್ ಶೈಲಿಗೆ ಮರಳಿದರು. ಆದರೆ ಅಷ್ಟೊಂದು ಅಧಿಕಾರಿಗಳಿಗೆ ಕೈಯಿಂದ ಕತ್ತಿ ಮಾಡಿಕೊಡಲು ಕಮ್ಮಾರರೆಲ್ಲಿದ್ದರು? ಗಿಫು ಪ್ರಾಂತ್ಯದ ಸೆಕಿ ಎಂಬ ಊರಿನಲ್ಲಿ ಸಿದ್ಧ ಉಕ್ಕಿನಿಂದ ರಾಶಿ ರಾಶಿ ಅಲಗು ತಯಾರಾದವು. ಇವುಗಳನ್ನು ಶೋವಾತೊ ಅಂತ ಕರೆಯುತ್ತಾರೆ. ಇದರ ಜೊತೆಗೇ ಹಳೆಯ ಪದ್ಧತಿಯೂ ಉಳಿದಿತ್ತು. ಟೋಕಿಯೊದ ಯಾಸುಕುನಿ ದೇಗುಲದ ಆವರಣದಲ್ಲಿ 1933ರಿಂದ 1945ರವರೆಗೆ ಕಮ್ಮಾರರ ತಂಡವೊಂದು ಸುಮಾರು 8,100 ಕತ್ತಿ ಮಾಡಿತು. ಸೌತ್ ಮಂಚೂರಿಯಾ ರೈಲ್ವೆ ಕಂಪನಿ ಕೂಡ ದಾಲಿಯನ್‌ನಲ್ಲಿ ಕತ್ತಿ ಮಾಡುತ್ತಿತ್ತು. ರೈಲು ಓಡಿಸುವವರಿಗೆ ಕತ್ತಿಯ ಉಸಾಬರಿ ಯಾಕೆ ಅಂತ ಕೇಳಬೇಡಿ. ಸಂಗ್ರಾಹಕರು ಈಗ ಅವನ್ನು ಹುಡುಕಿಕೊಂಡು ಹೋಗುತ್ತಾರೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಅಧಿಕಾರಿಗಳು ಕತ್ತಿಯನ್ನು ತಮ್ಮ ದುಡ್ಡಿನಲ್ಲೇ ಕೊಳ್ಳಬೇಕಿತ್ತು. ಹಾಗಾಗಿ ಮನೆಯಲ್ಲಿ ತಲೆಮಾರಿನಿಂದ ಬಂದ ಅಲಗು ಇದ್ದವರು ಅದಕ್ಕೇ ಸೇನೆಯ ಹಿಡಿ, ಒರೆ ಹಾಕಿಸಿಕೊಂಡು ಯುದ್ಧಕ್ಕೆ ಹೊರಟರು. ಹೊರಗೆ 1940ರ ವೇಷ, ಒಳಗೆ ನಾನೂರು ವರ್ಷದ ಅಲಗು. ಹೊರಗಿನ ಸಾಮಾನು ನೋಡಿ ಬೆಲೆ ಕಟ್ಟಬೇಡಿ ಅಂತ ಹೇಳುವುದು ಇದಕ್ಕೇ.

ಆದರೂ ನೋಡುವುದನ್ನು ಹೊರಗಿನಿಂದಲೇ ಶುರು ಮಾಡಿ. ಹಿಡಿಯನ್ನು ಬೆರಳುಗುರಿನಿಂದ ಮೆಲ್ಲಗೆ ತಟ್ಟಿ. ಪೂರ್ತಿ ಲೋಹದ ಸದ್ದು ಬಂದು, ಸುತ್ತಿದ ದಾರದಂತೆ ಕಾಣುವುದು ಎರಕದಲ್ಲೇ ಮೂಡಿಸಿದ ವಿನ್ಯಾಸವಾಗಿದ್ದರೆ, ಅದು 1935ರ ಮಾದರಿ, ಟೈಪ್ 95. ಸಾರ್ಜೆಂಟ್ ದರ್ಜೆಯವರಿಗೆ ಸರ್ಕಾರವೇ ಕೊಡುತ್ತಿದ್ದ ಕತ್ತಿ. ಮೊದಮೊದಲು ತಾಮ್ರದ ಹಿಡಿ ಇತ್ತು. ಆಮೇಲೆ ಅಲ್ಯೂಮಿನಿಯಂ ಮೇಲೆ ಬಣ್ಣ. ಯುದ್ಧ ಸೋಲುವ ಹೊತ್ತಿಗೆ ಮರದ ಹಿಡಿಗೆ ಇಳಿದರು. ಇದರ ಅಲಗು ಯಂತ್ರದ್ದು, ಉದ್ದಕ್ಕೂ ಕಾಲುವೆಯಂಥ ಒಂದು ತೋಡು ಇರುತ್ತದೆ. ಅಲಗಿನ ಬುಡದಲ್ಲಿ ಕ್ರಮಸಂಖ್ಯೆ ಒತ್ತಿರುತ್ತಾರೆ, ಒರೆಯ ಬಾಯಿಯ ಹತ್ತಿರವೂ ಅದೇ ಸಂಖ್ಯೆ ಇರಬೇಕು. ಎರಡೂ ತಾಳೆಯಾದರೆ ಒಳ್ಳೆಯದು. ಇದರ ಹಿಡಿ ಸ್ಕ್ರೂ ಹಾಕಿದ್ದು. ಬಿಚ್ಚಿದರೂ ಒಳಗೆ ಕಮ್ಮಾರನ ಹೆಸರು ಸಿಗುವುದಿಲ್ಲ, ಸುಮ್ನೆ ಶ್ರಮ. ನನಗಂತೂ ಈ ಟೈಪ್ 95 ಇಷ್ಟ. ಸಮುರಾಯ್ ಅಂತ ಸೋಗು ಹಾಕುವುದಿಲ್ಲ, ಯಾವ ಕಾರ್ಖಾನೆಯದ್ದು ಅಂತ ಮೈಮೇಲಿನ ಮುದ್ರೆಯೇ ಹೇಳುತ್ತದೆ.

ಅಧಿಕಾರಿಗಳ ಕತ್ತಿ ಬೇರೆ. ಮರದ ಹಿಡಿ, ಅದರ ಮೇಲೆ ಕಾಳು ಕಾಳಾದ ತೊರಕೆ ಮೀನಿನ ಚರ್ಮ, ಮೇಲೆ ನಿಜವಾದ ದಾರದ ಸುತ್ತು. ಕೈಗೆ ಅಡ್ಡ ಇರುವ ಬಿಲ್ಲೆಯ ಮೇಲೆ ಚೆರ್ರಿ ಹೂಗಳು. 1934ರ ಮಾದರಿಯ ಒರೆಗೆ ತೂಗುಹಾಕುವ ಬಳೆ ಎರಡು, 1938ರ ಮಾದರಿಗೆ ಒಂದು. ಹಿಡಿಯ ತುದಿಯ ಲೋಹದ ಟೊಪ್ಪಿಯ ಮೇಲೆ ಪುಟ್ಟ ಬೆಳ್ಳಿಯ ಲಾಂಛನ ಇದೆಯಾ ನೋಡಿ. ಇದ್ದರೆ ಅದು ಆ ಅಧಿಕಾರಿಯ ಮನೆತನದ ಗುರುತು. ಒಳಗೆ ಹಳೆಯ ಅಲಗು ಇರಬಹುದು ಅನ್ನುವ ಆಸೆ ಆಗ ಸ್ವಲ್ಪ ಚಿಗುರುತ್ತದೆ.

ನಿಜವಾದ ಉತ್ತರ ಇರುವುದು ಹಿಡಿಯೊಳಗೆ. ಅಲಗಿನ ಬಾಲದಂಥ ಭಾಗ ಹಿಡಿಯ ಒಳಗೆ ಸೇರಿರುತ್ತದೆ, ಜಪಾನಿಗಳು ಅದನ್ನು ನಕಾಗೊ ಅನ್ನುತ್ತಾರೆ. ಹಿಡಿಯ ಪಕ್ಕದಲ್ಲಿ ಒಂದೋ ಎರಡೋ ಬಿದಿರಿನ ಗೂಟ ಕಾಣುತ್ತದೆ. ಗೂಟದ ಸಣ್ಣ ತುದಿ ಯಾವ ಕಡೆ ಇದೆಯೋ ಆ ಕಡೆಯಿಂದ, ಮರದ ಕಡ್ಡಿ ಇಟ್ಟು ಮೆಲ್ಲಗೆ ಬಡಿದರೆ ಹೊರಬರುತ್ತದೆ. ಆಮೇಲೆ ಕತ್ತಿಯನ್ನು ಎಡಗೈಯಲ್ಲಿ ನೆಟ್ಟಗೆ, ಬಾಯಿ ನಿಮ್ಮಿಂದಾಚೆಗೆ ಇರುವಂತೆ ಹಿಡಿದು, ಬಲಗೈ ಮುಷ್ಟಿಯಿಂದ ಎಡಗೈ ಮಣಿಕಟ್ಟಿಗೆ ಗುದ್ದಿ. ಅಲಗು ಸಡಿಲವಾಗುತ್ತದೆ. ಬರದಿದ್ದರೆ ಬಲವಂತ ಬೇಡ, ಹಿಡಿ ಸೀಳುತ್ತದೆ. ನಡುವೆ ತೆಳ್ಳನೆಯ ಬಿಲ್ಲೆಗಳು ಒಂದರ ಮೇಲೊಂದು ಇರುತ್ತವೆ. ಯಾವುದಾದ ಮೇಲೆ ಯಾವುದು ಅಂತ ಫೋಟೊ ತೆಗೆದುಕೊಂಡೇ ಬಿಚ್ಚಿ. ಅವುಗಳ ಮೇಲೆ ಒಂದೇ ಸಂಖ್ಯೆ ಒತ್ತಿದ್ದರೆ, ಎಲ್ಲ ಒಂದೇ ಕತ್ತಿಯ ಸಾಮಾನು ಅಂತ ಗೊತ್ತಾಗುತ್ತದೆ. ಗೊತ್ತಿಲ್ಲದ ಕೈಗೆ ಈ ಕೆಲಸ ಅಪಾಯ. ಮಕ್ಕಳು ಹತ್ತಿರ ಇರಬಾರದು.

ಈಗ ನಕಾಗೊ ನೋಡಿ. ಹಳೆಯದಾದರೆ ಗಾಢ ಕಂದು, ಇನ್ನೂ ಹಳೆಯದಾದರೆ ಕಪ್ಪು. ಈ ತುಕ್ಕೇ ಅದರ ವಯಸ್ಸಿನ ಸಾಕ್ಷಿ, ತೆಗೆದರೆ ಕತ್ತಿಯ ಅರ್ಧ ಬೆಲೆ ಅಲ್ಲೇ ಹೋಯಿತು. ಒಂದು ಬದಿಯಲ್ಲಿ ಕಮ್ಮಾರನ ಹೆಸರು, ಇನ್ನೊಂದು ಬದಿಯಲ್ಲಿ ತಾರೀಖು ಉಳಿಯಲ್ಲಿ ಕೊರೆದಿರಬಹುದು. ಶೋವಾ ಅನ್ನೋದು ಆಗಿನ ಜಪಾನಿ ಚಕ್ರವರ್ತಿಯ ಆಳ್ವಿಕೆಯ ಶಕೆ. 'ಶೋವಾ 18' ಅಂತಿದ್ದರೆ ಅದಕ್ಕೆ 1925 ಕೂಡಿಸಿ, 1943 ಆಯಿತು. ಹೆಸರಿನ ಮೇಲುಗಡೆ ಚಿಕ್ಕ ಮುದ್ರೆ ಇದೆಯಾ ಹುಡುಕಿ. ಸೆಕಿ ಅಥವಾ ಶೋವಾ ಮುದ್ರೆ ಇದ್ದರೆ ಸಾಮಾನ್ಯವಾಗಿ ಸಿದ್ಧ ಉಕ್ಕಿನ ಅಲಗು. ಐದು ಮೂಲೆಯ ನಕ್ಷತ್ರ ಇದ್ದರೆ ಖುಷಿಪಡಿ. ಅದು ಸೇನೆ ಮಾನ್ಯ ಮಾಡಿದ ಕಮ್ಮಾರರ ಗುರುತು, ಅವರಿಗೆ ಸಾಂಪ್ರದಾಯಿಕ ತಮಹಗಾನೆ ಉಕ್ಕನ್ನು ಸೇನೆಯೇ ಕೊಡುತ್ತಿತ್ತು. ಲಂಗರಿನ ಮುದ್ರೆ ಇದ್ದರೆ ನೌಕಾಪಡೆಯದ್ದು. ಹೆಸರೇ ಇಲ್ಲದಿದ್ದರೆ ಬೇಜಾರು ಬೇಡ. ಹಳೆಯ ಒಳ್ಳೆಯ ಅಲಗುಗಳಲ್ಲೂ ಹೆಸರಿಲ್ಲದವು ಎಷ್ಟೋ ಇವೆ. ಹೆಸರಿದ್ದ ಮಾತ್ರಕ್ಕೆ ನಂಬಲೂ ಆಗದು. ಹೆಸರಾಂತ ಕಮ್ಮಾರರ ಸಹಿಯನ್ನು ಕದಿಯುವ ಚಾಳಿ ಜಪಾನಿನಲ್ಲೇ ನೂರಾರು ವರ್ಷ ಹಳೆಯದು.

ಅಲಗಿನ ಮೇಲೆ ಬಾಯಿಯ ಉದ್ದಕ್ಕೂ ಮಂಜು ಕವಿದಂಥ ಒಂದು ಗೆರೆ ಇರುತ್ತದೆ, ಅದು ಹಮೋನ್. ಮಣ್ಣು ಬಳಿದು ಕಾಯಿಸಿ ನೀರಿಗೆ ಅದ್ದಿದಾಗ ಉಕ್ಕಿನ ಒಳಗೇ ಮೂಡುವ ಗೆರೆ ಅದು. ಕೋಣೆಯಲ್ಲಿ ಒಂದೇ ಬಲ್ಬ್ ಹಾಕಿ, ಅಲಗನ್ನು ಅದರ ಕಡೆ ಓರೆಯಾಗಿ ಹಿಡಿದು ನೋಡಿ. ಅಸಲಿ ಹಮೋನ್‌ನಲ್ಲಿ ಸಣ್ಣ ಸಣ್ಣ ಹರಳು ಮಿನುಗುತ್ತವೆ, ಗೆರೆಗೆ ಆಳ ಇರುತ್ತದೆ. ಆ್ಯಸಿಡ್‌ನಲ್ಲಿ ಬರೆದ ನಕಲಿ ಗೆರೆ ಯಾವ ಕಡೆ ತಿರುಗಿಸಿದರೂ ಒಂದೇ ಥರ ಬೆಳ್ಳಗೆ ಕಾಣುತ್ತದೆ.

ಈಗ ಪೂರ್ತಿ ನಕಲಿಗಳ ಮಾತು. ಚೀನಾದಲ್ಲಿ ಮಾಡಿದ ನಕಲಿಗಳು ಮಾರುಕಟ್ಟೆಯಲ್ಲಿ ತುಂಬಿವೆ. ಹೂವಿನ ಎಸಳು ಕರಗಿದಂತೆ ಮಸುಕಾಗಿದ್ದರೆ, ತೊರಕೆ ಚರ್ಮದ ಬದಲು ಪ್ಲಾಸ್ಟಿಕ್ ಇದ್ದರೆ, ನಕಾಗೊ ಮೇಲಿನ ತುಕ್ಕು ಕಿತ್ತಳೆ ಬಣ್ಣದಲ್ಲಿ ಪುಡಿಪುಡಿಯಾಗಿ ಉದುರಿದರೆ ಅನುಮಾನ ಪಡಿ. ಅಲಗಿನ ತುಂಬಾ ಉದ್ದುದ್ದ ಬರಹ, ಡ್ರ್ಯಾಗನ್ ಚಿತ್ರ ಇದ್ದರೆ ಅನುಮಾನವೂ ಬೇಡ, ಬಿಟ್ಟುಬಿಡಿ. ತಾತನೇ ತಂದದ್ದು ಅನ್ನುವುದು ಖಾತ್ರಿಯಿದ್ದರೆ ಈ ಭಯ ಅಷ್ಟಿಲ್ಲ. ನೀವು ಇನ್ನೊಂದು ಕೊಳ್ಳಲು ಹೊರಟಾಗ ಇದು ನೆನಪಿರಲಿ.

ಬರ್ಮಾದಿಂದ ಕತ್ತಿ ಬರುವುದು ನಂಬಬಹುದಾದ ಮಾತೇ. ಆಗ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮುಖ್ಯಸ್ಥರಾಗಿದ್ದ ಮೌಂಟ್‌ಬ್ಯಾಟನ್, ತಮ್ಮ ವಲಯದ ಜಪಾನಿ ಅಧಿಕಾರಿಗಳು ಎಲ್ಲರೆದುರು ಕತ್ತಿ ಒಪ್ಪಿಸಲೇಬೇಕು ಅಂತ ಪಟ್ಟು ಹಿಡಿದಿದ್ದರು. 1945ರ ನವೆಂಬರ್ 30ರಂದು ಸೈಗಾನ್‌ನಲ್ಲಿ ಜಪಾನಿನ ಫೀಲ್ಡ್ ಮಾರ್ಷಲ್ ತೆರಾಉಚಿ ತಮ್ಮ ಎರಡು ಕತ್ತಿಗಳನ್ನು ಮೌಂಟ್‌ಬ್ಯಾಟನ್‌ಗೆ ಒಪ್ಪಿಸಿದರು. ಆ ಯುದ್ಧದಲ್ಲಿ ನಮ್ಮವರೂ ಇದ್ದರು. ಕೊಡಗಿನ ಕೆ.ಎಸ್. ತಿಮ್ಮಯ್ಯ ಬರ್ಮಾದ ಅರಕಾನ್‌ನಲ್ಲಿ ಬೆಟಾಲಿಯನ್ ನಡೆಸಿದವರು, ಸಿಂಗಪುರದ ಶರಣಾಗತಿಯಲ್ಲಿ ಭಾರತದ ಪರವಾಗಿ ನಿಂತವರು. ಹಾಗಾಗಿ ತಾತನ ಸರ್ವಿಸ್ ಬುಕ್, ಕಾಗದಪತ್ರ, ಫೋಟೊ ಎಲ್ಲ ಒಂದೆಡೆ ಇಡಿ. ಕತ್ತಿಗೆ ಮರದ ಚೂರೋ ಬಟ್ಟೆಯ ಚೀಟಿಯೋ ಕಟ್ಟಿದ್ದು, ಅದರ ಮೇಲೆ ಜಪಾನಿ ಬರಹವಿದ್ದರೆ ಕಿತ್ತು ಬಿಸಾಡಬೇಡಿ. ಒಪ್ಪಿಸಿದವನ ಹೆಸರು, ಊರು ಅದರಲ್ಲೇ ಇರಬಹುದು.

ಕಾನೂನಿನ ಕಡೆಯೂ ಗಮನವಿರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಲಗಿನ ಕತ್ತಿಯೂ ಆಯುಧವೇ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅದಕ್ಕೂ ಲೈಸೆನ್ಸ್ ಬೇಕು. ನಿಮ್ಮ ಜಿಲ್ಲಾಧಿಕಾರಿ ಕಚೇರಿಯಲ್ಲೋ, ಬೆಂಗಳೂರಾದರೆ ಪೊಲೀಸ್ ಕಮಿಷನರ್ ಕಚೇರಿಯಲ್ಲೋ ವಿಚಾರಿಸಿ. ಅಲಗು 100 ವರ್ಷಕ್ಕಿಂತ ಹಳೆಯದು ಅಂತಾದರೆ 1972ರ ಪುರಾವಸ್ತು ಕಾಯ್ದೆಯೂ ಬರುತ್ತದೆ, ನಿಮ್ಮಷ್ಟಕ್ಕೆ ನೀವು ಹೊರದೇಶಕ್ಕೆ ಕಳಿಸುವಂತಿಲ್ಲ.

ಜಪಾನಿನ ಆ ಮನೆತನಕ್ಕೇ ವಾಪಸ್ ಕೊಡೋಣ ಅಂತ ಕೆಲವರು ಬರೆಯುತ್ತಾರೆ. ಒಳ್ಳೆಯ ಮನಸ್ಸು. ಆದರೆ ಜಪಾನಿನ ಕಾನೂನು ಹಳೆಯ ಪದ್ಧತಿಯಲ್ಲಿ ಮಾಡಿದ ಕಲಾವಸ್ತುವಿಗೆ ಮಾತ್ರ ನೋಂದಣಿ ಕೊಡುತ್ತದೆ. ಕಾರ್ಖಾನೆಯ ಶೋವಾತೊ ಅಲ್ಲಿಗೆ ಹೋದರೆ ನೋಂದಣಿ ಸಿಗದೆ ನಾಶವಾಗುತ್ತದೆ. ಕಳಿಸುವ ಯೋಚನೆ ಇದ್ದರೂ ಮೊದಲು ನಕಾಗೊದ ಎರಡೂ ಬದಿಯ, ಇಡೀ ಅಲಗಿನ, ತುದಿಯ ಸ್ಪಷ್ಟ ಫೋಟೊ ತೆಗೆದು ಜಪಾನಿ ಕತ್ತಿ ಬಲ್ಲವರಿಗೆ ತೋರಿಸಿ. ಅಲ್ಲಿಯವರೆಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಅಲಗಿಗೆ ತೆಳ್ಳಗೆ ಸವರಿ, ಬೆರಳು ತಾಗಿಸದೆ ಒರೆಗೆ ಹಾಕಿಡಿ. ನಕಾಗೊಗೆ ಎಣ್ಣೆಯೂ ಬೇಡ.