ಏಟ್ ಮೈಲ್ ರೋಡಿನ ಆಚೆ, ಈಚೆ: ಡೆಟ್ರಾಯ್ಟ್ ದಿವಾಳಿಯಾಗಿದ್ದು ಯಾವಾಗಿಂದ?

ಅಮೆರಿಕದ ಮಿಶಿಗನ್ ರಾಜ್ಯದಲ್ಲಿರೋ ನಮ್ಮ ಕಡೆಯೋರು ಯಾರಾದ್ರೂ "ನಾವಿರೋದು ಡೆಟ್ರಾಯ್ಟ್" ಅಂದ್ರೆ, ಯಾವ ಏರಿಯಾ ಅಂತ ಒಂದ್ಸಲ ಕೇಳಿ ನೋಡಿ. ಹೆಚ್ಚಾಗಿ ಟ್ರಾಯ್ ಅಂತಾರೆ, ನೋವೈ ಅಂತಾರೆ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಅಂತಾರೆ. ಮಾತಿಗೆ ಇದೆಲ್ಲಾ ಡೆಟ್ರಾಯ್ಟೇ. ಆದ್ರೆ ಇವೆಲ್ಲ ಬೇರೆ ಬೇರೆ ಊರುಗಳು, ಒಂದೊಂದಕ್ಕೂ ಅದರದ್ದೇ ಸ್ಥಳೀಯ ಆಡಳಿತ, ಸ್ಕೂಲುಗಳೂ ಡೆಟ್ರಾಯ್ಟ್‌ದಲ್ಲ, ಅಲ್ಲಿನ ಮನೆ ತೆರಿಗೆ ಡೆಟ್ರಾಯ್ಟ್ ಸಿಟಿಗೆ ಹೋಗಲ್ಲ. ಈ ಒಂದು ವಿಷಯ ತಲೇಲಿ ಇಟ್ಕೊಂಡ್ರೆ ಡೆಟ್ರಾಯ್ಟ್ ಕಥೆ ಅರ್ಧ ಬಿಡಿಸಿದಂಗೆ.

ಯಾಕಂದ್ರೆ ಎಲ್ಲರಿಗೂ ಗೊತ್ತಿರೋ ಕಥೆ ತುಂಬಾ ಸಿಂಪಲ್. ಕಾರ್ ಕಂಪನಿಗಳು ಬಂದ್ವು, ಊರು ಬೆಳೀತು, ಜಪಾನ್ ಕಾರ್ ಬಂತು, ಊರು ಮುಳುಗ್ತು, 2013ರಲ್ಲಿ ಸಿಟಿ ಆಡಳಿತವೇ ದಿವಾಳಿ. ಪೂರ್ತಿ ಸುಳ್ಳು ಅಂತ ಹೇಳಲ್ಲ. ಆದ್ರೆ ಈ ಲೆಕ್ಕ ನೋಡಿ: 1950ರಲ್ಲಿ ಡೆಟ್ರಾಯ್ಟ್ ಸಿಟಿ ಜನಸಂಖ್ಯೆ ಸುಮಾರು 18.5 ಲಕ್ಷ, 2010ಕ್ಕೆ 7.13 ಲಕ್ಷ. ಅದೇ ಟೈಮಲ್ಲಿ ಸಿಟಿ ಮತ್ತು ಸುತ್ತಲ ಊರುಗಳೆಲ್ಲ ಸೇರಿರೋ ಮೂರು ಕೌಂಟಿಗಳ (ನಮ್ಮ ಜಿಲ್ಲೆ ಥರ) ಜನಸಂಖ್ಯೆ ಸುಮಾರು 30 ಲಕ್ಷದಿಂದ 38.6 ಲಕ್ಷಕ್ಕೆ ಏರಿದೆ. ಅಂದ್ರೆ ಆ ಸೀಮೆ ಖಾಲಿಯಾಗ್ಲೇ ಇಲ್ಲ, ಜನ ಗಡಿ ದಾಟಿ ಪಕ್ಕಕ್ಕೆ ಸರಿದ್ರು ಅಷ್ಟೇ. ಸಿಟಿಯ 360 ಚದರ ಕಿಲೋಮೀಟರ್ ಜಾಗ, ಅಲ್ಲಿನ ಪೈಪು, ಲೈಟ್ ಕಂಬ, ಪೆನ್ಷನ್ ಬಾಕಿ ಎಲ್ಲಾ ಉಳಿದೋರ ತಲೆ ಮೇಲೆ.

ಹಳೇದನ್ನ ಬೇಗ ಮುಗಿಸ್ತೀನಿ. 1701ರಲ್ಲಿ ಫ್ರೆಂಚರು ನದಿ ದಂಡೇಲಿ ಕೋಟೆ ಕಟ್ಟಿದ್ರು, ಡೆಟ್ರಾಯ್ಟ್ ಅಂದ್ರೆ ಅವರ ಭಾಷೇಲಿ ಜಲಸಂಧಿ, ಆಮೇಲೆ ಬ್ರಿಟಿಷರು, ಆಮೇಲೆ ಅಮೆರಿಕ, 1805ರಲ್ಲಿ ಊರಿಗೆ ಊರೇ ಸುಟ್ಟು ಮತ್ತೆ ಕಟ್ಟಿದ್ದು. 1900ರ ನಂತರ ಕಾರು. ಇಲ್ಲೊಂದು ವಿಷಯ ಬಹಳ ಜನ ಗಮನಿಸಲ್ಲ. 1913ರಲ್ಲಿ ಫೋರ್ಡ್ ಶುರು ಮಾಡಿದ ಅಸೆಂಬ್ಲಿ ಲೈನ್ ಇತ್ತಲ್ಲ, 1914ರಲ್ಲಿ ದಿನಕ್ಕೆ 5 ಡಾಲರ್ ಕೂಲಿ ಅಂದಾಗ ಗೇಟ್ ಮುಂದೆ ಸಾವಿರಾರು ಜನ ಬಂದು ನಿಂತ್ರಲ್ಲ, ಆ ಫ್ಯಾಕ್ಟರಿ ಇದ್ದಿದ್ದು ಡೆಟ್ರಾಯ್ಟ್ ಸಿಟಿ ಒಳಗಲ್ಲ, ಹೈಲ್ಯಾಂಡ್ ಪಾರ್ಕ್ ಅನ್ನೋ ಊರಲ್ಲಿ. ಆಮೇಲೆ ಬಂದ ದೊಡ್ಡ ರೂಜ್ ಫ್ಯಾಕ್ಟರಿ ಡಿಯರ್‌ಬಾರ್ನ್‌ದು. ಡೆಟ್ರಾಯ್ಟ್ ನಾಲ್ಕೂ ಕಡೆ ಬೆಳೆದು ಹೈಲ್ಯಾಂಡ್ ಪಾರ್ಕನ್ನ, ಹ್ಯಾಮ್‌ಟ್ರಾಮಿಕನ್ನ ಸುತ್ತಿಕೊಂಡ್ರೂ ಅವೆರಡೂ ಇವತ್ತಿಗೂ ಸಿಟಿಯ ಹೊಟ್ಟೆಯೊಳಗೆ ಬೇರೆ ಊರುಗಳಾಗೇ ಇವೆ. 1926ರ ಹೊತ್ತಿಗೆ ಸಿಟಿ ಅಕ್ಕಪಕ್ಕದ ಜಾಗ ಸೇರಿಸ್ಕೊಳ್ಳೋದೇ ನಿಂತುಹೋಯ್ತು, ಉತ್ತರದ ಗಡಿ ಏಟ್ ಮೈಲ್ ರೋಡ್ ಅಂತ ಗಟ್ಟಿಯಾಯ್ತು.

ನನ್ನ ಪ್ರಕಾರ ನಿಜವಾದ ಕಥೆ ಇರೋದು 1940ರಿಂದ 60ರವರೆಗೆ.

ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಕೆಲಸ ಹುಡುಕ್ಕೊಂಡು ಲಕ್ಷಗಟ್ಟಲೆ ಬರ್ತಿದ್ದ ಕಾಲ, ಯುದ್ಧ ಅಂತ ಕಾರ್ ಫ್ಯಾಕ್ಟರಿಗಳೆಲ್ಲ ಟ್ಯಾಂಕು, ವಿಮಾನ ಮಾಡ್ತಿದ್ವು. ಕೆಲಸ ಸಿಗ್ತಿತ್ತು, ಮನೆ ಸಿಗ್ತಿರಲಿಲ್ಲ. ಎಷ್ಟೋ ಬಡಾವಣೆಗಳ ಕ್ರಯಪತ್ರದಲ್ಲೇ "ಬಿಳಿಯರಲ್ಲದವರು ಇಲ್ಲಿ ವಾಸ ಮಾಡುವಂತಿಲ್ಲ" ಅನ್ನೋ ಥರದ ಷರತ್ತು ಇರ್ತಿತ್ತು. ಫೆಡರಲ್ ಸರ್ಕಾರದ ಹೌಸಿಂಗ್ ಇಲಾಖೆ ಸಾಲಕ್ಕೆ ಗ್ಯಾರಂಟಿ ಕೊಡೋ ಮುಂಚೆ ಏರಿಯಾ ನೋಡ್ತಿತ್ತು, ಕಪ್ಪು ಜನ ಪಕ್ಕದಲ್ಲಿದ್ರೂ ಅದು ರಿಸ್ಕ್ ಅಂತ ಲೆಕ್ಕ. 1941ರಲ್ಲಿ ಒಬ್ಬ ಬಿಲ್ಡರ್ ಏಟ್ ಮೈಲ್ ಹತ್ರ ಬಿಳಿಯರಿಗೆ ಅಂತ ಬಡಾವಣೆ ಮಾಡೋಕೆ ಹೊರಟ, ಪಕ್ಕದಲ್ಲಿ ಕಪ್ಪು ಕುಟುಂಬಗಳ ಮನೆಗಳಿದ್ವು, ಗ್ಯಾರಂಟಿ ಸಿಗಲಿಲ್ಲ. ಅವನು ಮಾಡಿದ್ದೇನು ಅಂದ್ರೆ ಎರಡರ ನಡುವೆ ಒಂದು ಕಾಂಕ್ರೀಟ್ ಗೋಡೆ ಎಬ್ಬಿಸಿದ. ಆರಡಿ ಎತ್ತರ, ಒಂದಡಿ ದಪ್ಪ, ಸುಮಾರು ಅರ್ಧ ಮೈಲಿ ಉದ್ದ. ಗೋಡೆ ಎದ್ದಿತು, ಗ್ಯಾರಂಟಿನೂ ಬಂತು.

ಆ ಗೋಡೆ ಈಗ್ಲೂ ಇದೆ. ಮನೆಗಳ ಹಿತ್ತಲಲ್ಲಿ ಸಾಮಾನ್ಯ ಕಾಂಪೌಂಡ್ ಥರ ಹಾದುಹೋಗುತ್ತೆ, ಒಂದು ಕಡೆ ಮಕ್ಕಳು ಆಡೋ ಪಾರ್ಕ್ ಪಕ್ಕ ಬಣ್ಣಬಣ್ಣದ ಚಿತ್ರ ಬಿಡಿಸಿದ್ದಾರೆ. ಬಿಳಿಯರು ಜಾಗ ಬಿಟ್ಟು ಎಷ್ಟೋ ಕಾಲ ಆಯ್ತು, ಈಗ ಗೋಡೆ ಆಚೆನೂ ಈಚೆನೂ ಹೆಚ್ಚಾಗಿ ಇರೋದು ಕಪ್ಪು ಕುಟುಂಬಗಳೇ.

1948ರಲ್ಲಿ ಸುಪ್ರೀಂ ಕೋರ್ಟ್ ಕ್ರಯಪತ್ರದ ಆ ಷರತ್ತುಗಳನ್ನ ಕೋರ್ಟ್‌ಗಳು ಜಾರಿ ಮಾಡೋ ಹಾಗಿಲ್ಲ ಅಂದಿತು, ಆ ತೀರ್ಪಿನ ಜೊತೆ ಸೇರಿದ್ದ ಕೇಸುಗಳಲ್ಲಿ ಒಂದು ಡೆಟ್ರಾಯ್ಟ್ ಮನೆಯದೇ. ಆದ್ರೆ ಕಾಗದದ ಗೋಡೆ ಬೀಳೋ ಹೊತ್ತಿಗೆ ರಸ್ತೆ ಪ್ಲಾನ್ ರೆಡಿ ಇತ್ತು. ಡೌನ್‌ಟೌನ್ ಪಕ್ಕದಲ್ಲಿ ಬ್ಲ್ಯಾಕ್ ಬಾಟಮ್ ಅಂತ ಒಂದು ಕೇರಿ. ಹೆಸರು ಬಂದಿದ್ದು ಜನರ ಬಣ್ಣದಿಂದ ಅಲ್ಲ, ಫ್ರೆಂಚ್ ರೈತರ ಕಾಲದ ಕಪ್ಪು ಮಣ್ಣಿಂದ ಅಂತಾರೆ. ಅಲ್ಲಿನ ಹೇಸ್ಟಿಂಗ್ಸ್ ಸ್ಟ್ರೀಟ್‌ನಲ್ಲಿ ಕಪ್ಪು ಜನರದೇ ಅಂಗಡಿ, ಕ್ಷೌರದಂಗಡಿ, ಡಾಕ್ಟರು, ಚರ್ಚು, ಹಾಡು ಕುಣಿತದ ಕ್ಲಬ್ಬು. ಮನೆಗಳು ಹಳೇವು, ಕಿಕ್ಕಿರಿದು ಜನ, ಅದೂ ನಿಜ. 1950ರ ದಶಕದಲ್ಲಿ ಸ್ಲಂ ಕ್ಲಿಯರೆನ್ಸ್ ಅಂತ ಕೆಡವಿದ್ರು, ಹೇಸ್ಟಿಂಗ್ಸ್ ಸ್ಟ್ರೀಟ್ ಇದ್ದ ಜಾಗದಲ್ಲೇ ಫ್ರೀವೇ, ಅಂದ್ರೆ ಸಿಗ್ನಲ್ ಇಲ್ಲದ ದೊಡ್ಡ ಹೆದ್ದಾರಿ ಬಂತು. ಬಾಡಿಗೆಗಿದ್ದೋರಿಗೆ ಪರಿಹಾರ ಅನ್ನೋದು ಹೆಸರಿಗಷ್ಟೇ. ಮಜಾ ಅಂದ್ರೆ ಅದೇ ಫ್ರೀವೇಗಳು ಆಫೀಸ್ ಮುಗಿಸಿ ಸಬರ್ಬ್‌ಗೆ, ಅಂದ್ರೆ ಗಡಿ ಆಚೆಯ ಊರುಗಳಿಗೆ, ಮನೆಗೆ ಹೋಗೋದನ್ನ ಸಲೀಸು ಮಾಡಿದ್ವು.

ಫ್ಯಾಕ್ಟರಿಗಳೂ ಕಾಯಲಿಲ್ಲ. 1947ರಿಂದ 1963ರ ಒಳಗೇ ಸಿಟಿ ಸುಮಾರು 1.34 ಲಕ್ಷ ಫ್ಯಾಕ್ಟರಿ ಕೆಲಸ ಕಳ್ಕೊಂಡಿತ್ತು, ಜಪಾನ್ ಕಾರು ಲೆಕ್ಕಕ್ಕೇ ಇರದ ಕಾಲ ಅದು. 1954ರಲ್ಲಿ ಏಟ್ ಮೈಲ್ ದಾಟಿದ್ರೆ ಸಿಗೋ ಸೌತ್‌ಫೀಲ್ಡ್‌ನಲ್ಲಿ ನಾರ್ತ್‌ಲ್ಯಾಂಡ್ ಅನ್ನೋ ದೊಡ್ಡ ಶಾಪಿಂಗ್ ಸೆಂಟರ್ ಬಂತು, ವ್ಯಾಪಾರವೂ ಆ ಕಡೆ ಹೊರಟಿತು. ಹಾಗಾಗಿ 1967ರಲ್ಲಿ ಕಪ್ಪು ಜನರಿಗೂ ಪೊಲೀಸರಿಗೂ ನಡೆದ ಗಲಭೆಯಿಂದಲೇ ಊರು ಹಾಳಾಯ್ತು ಅನ್ನೋರ ಮಾತು ನಂಗೆ ಒಪ್ಪಿಗೆ ಇಲ್ಲ. 43 ಜನ ಸತ್ರು, ಸೈನ್ಯ ಬಂತು, ಆಮೇಲೆ ಬಿಳಿಯರು ಬಿಟ್ಟುಹೋಗೋದು ಜೋರಾಯ್ತು ಸರಿ, ಆದ್ರೆ ಗಂಟುಮೂಟೆ ಕಟ್ಟೋಕೆ ಶುರುವಾಗಿ ಆಗ್ಲೇ ಹದಿನೈದು ವರ್ಷದ ಮೇಲಾಗಿತ್ತು.

1974ರಲ್ಲಿ ಎರಡು ವಿಷಯ ಒಟ್ಟಿಗೆ. ಊರಿಗೆ ಮೊದಲ ಕಪ್ಪು ಮೇಯರ್ ಆಗಿ ಕೋಲ್ಮನ್ ಯಂಗ್ ಅಧಿಕಾರಕ್ಕೆ ಬಂದ್ರು. ಅದೇ ವರ್ಷ ಸುಪ್ರೀಂ ಕೋರ್ಟ್ 5-4ರಲ್ಲಿ, ಸ್ಕೂಲುಗಳಲ್ಲಿ ಕಪ್ಪು ಬಿಳಿ ಮಕ್ಕಳನ್ನ ಬೆರೆಸೋ ಯೋಜನೆಗೆ ಸಬರ್ಬ್ ಸ್ಕೂಲುಗಳನ್ನ ಎಳೆಯೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಮಕ್ಕಳಿರೋ ಅಪ್ಪ ಅಮ್ಮನಿಗೆ ಏಟ್ ಮೈಲ್ ದಾಟೋಕೆ ಬೇರೆ ಕಾರಣ ಬೇಕಾ?

ಅಲ್ಲಿಂದ ಮುಂದಿನ ನಲವತ್ತು ವರ್ಷ ಒಂದೇ ರಾಗ. ಜನ ಕಮ್ಮಿ, ತೆರಿಗೆ ಕಮ್ಮಿ, ತೆರಿಗೆ ದರ ಜಾಸ್ತಿ, ಅದಕ್ಕೇ ಇನ್ನಷ್ಟು ಜನ ಕಮ್ಮಿ. 2005ರಲ್ಲಿ ಪೆನ್ಷನ್ ಫಂಡ್ ತುಂಬಿಸೋಕೆ ಅಂತ 140 ಕೋಟಿ ಡಾಲರ್ ಮೇಲೆ ಸಾಲ ಎತ್ತಿದ್ರು, ಬಡ್ಡಿ ಮೇಲೆ ಕಟ್ಟಿದ ಬಾಜಿ ಉಲ್ಟಾ ಹೊಡೀತು. 2013ರ ಜುಲೈ 18ಕ್ಕೆ ದಿವಾಳಿ ಅರ್ಜಿ, ಸುಮಾರು 1,800 ಕೋಟಿ ಡಾಲರ್ ಬಾಕಿ. ಆಗ ಬೀದಿ ದೀಪಗಳಲ್ಲಿ ಸುಮಾರು 40% ಉರೀತಿರಲಿಲ್ಲ. ಸಾಲ ಕೊಟ್ಟೋರ ಕಣ್ಣು ಸಿಟಿಯ ಆರ್ಟ್ ಮ್ಯೂಸಿಯಂ ಮೇಲೆ ಬಿತ್ತು, ಕೊನೆಗೆ ಫೌಂಡೇಶನ್‌ಗಳು, ರಾಜ್ಯ ಸರ್ಕಾರ ಎಲ್ಲಾ ಸೇರಿ 81.6 ಕೋಟಿ ಡಾಲರ್ ಹೊಂದಿಸಿ ಚಿತ್ರಗಳನ್ನ ಉಳಿಸಿದ್ರು. ನಿವೃತ್ತ ನೌಕರರ ಪೆನ್ಷನ್‌ನಲ್ಲಿ 4.5% ಕಟ್ ಆಯ್ತು, ಬೆಲೆ ಏರಿದಂಗೆ ಏರೋ ಭತ್ಯೆನೂ ಹೋಯ್ತು. ಪೊಲೀಸ್, ಫೈರ್‌ನವರಿಗೆ ಮೂಲ ಪೆನ್ಷನ್ ಮುಟ್ಟಲಿಲ್ಲ. ನೀರಿನ ಪೈಪುಗಳನ್ನ ಸುತ್ತಲ ಊರುಗಳೂ ಸೇರಿರೋ ಹೊಸ ಪ್ರಾಧಿಕಾರಕ್ಕೆ ವರ್ಷಕ್ಕೆ 5 ಕೋಟಿ ಡಾಲರ್‌ನಂತೆ 40 ವರ್ಷ ಲೀಸ್‌ಗೆ ಕೊಟ್ರು. ಗಡಿ ದಾಟಿ ಹಂಚ್ಕೊಂಡಿದ್ದು ಅಂತ ಏನಾದ್ರೂ ಇದ್ರೆ ಇದೊಂದು.

ಈಗ ಡೌನ್‌ಟೌನ್ ಥಳಥಳ ಅಂತಿದೆ. 1988ರಲ್ಲಿ ಮುಚ್ಚಿ ಪಾಳು ಬಿದ್ದಿದ್ದ ಮಿಶಿಗನ್ ಸೆಂಟ್ರಲ್ ಸ್ಟೇಷನನ್ನ ಫೋರ್ಡ್ ಕೊಂಡು, ರಿಪೇರಿ ಮಾಡಿಸಿ 2024ರಲ್ಲಿ ತೆರೀತು. ಅದೇ ವರ್ಷ ಬಂದ ಅಂದಾಜಲ್ಲಿ, 1957ರ ನಂತರ ಮೊದಲ ಸಲ ಜನಸಂಖ್ಯೆ ಏರಿತ್ತು, ಏರಿದ್ದು 1,852 ಜನ. ಇನ್ನು ಹೇಸ್ಟಿಂಗ್ಸ್ ಸ್ಟ್ರೀಟ್ ನುಂಗಿದ ಆ ಫ್ರೀವೇ ತುದೀಲಿ ಒಂದು ಮೈಲಿಯ ತುಂಡಿದೆ, ರಸ್ತೆ ಮಟ್ಟದಿಂದ ಕೆಳಗೆ ಹಳ್ಳದ ಥರ. ಅದನ್ನ ಮುಚ್ಚಿ ಸಾಮಾನ್ಯ ರಸ್ತೆ ಮಾಡಿ ಉಳಿಯೋ ಜಾಗ ಬೇರೆ ಕೆಲಸಕ್ಕೆ ಬಳಸೋ ಪ್ಲಾನು ವರ್ಷಗಳಿಂದ ಓಡಾಡ್ತಿದೆ. ಜಗಳ ಇರೋದು ಆ ಜಾಗ ಯಾರಿಗೆ ಅನ್ನೋದ್ರಲ್ಲಿ: ಪಕ್ಕದ ದುಬಾರಿ ಅಪಾರ್ಟ್‌ಮೆಂಟ್‌ನವರಿಗಾ, ಹೊಸ ಬಿಲ್ಡರ್‌ಗಳಿಗಾ, ಇಲ್ಲ ಬ್ಲ್ಯಾಕ್ ಬಾಟಮ್‌ನಲ್ಲಿ ಅಜ್ಜನ ಅಂಗಡಿ ಇತ್ತು ಅಂತ ಹೇಳೋ ಮೊಮ್ಮಕ್ಕಳಿಗಾ.