ಕಾಗದದ ಕವಚವನ್ನು ಗಟ್ಟಿಗೊಳಿಸುವುದು: ರೆಸಿನ್, ಗಾಜಿನ ನಾರು ಮತ್ತು ಪುಟ್ಟಿ

ವೇಷಕ್ಕಾಗಿ ದಪ್ಪ ಕಾಗದವನ್ನು ಕತ್ತರಿಸಿ, ಮಡಚಿ, ಅಂಟಿಸಿ ಮಾಡಿದ ಶಿರಸ್ತ್ರಾಣವಾಗಲಿ ಎದೆಗವಚವಾಗಲಿ ಆಕಾರದಲ್ಲಿ ಎಷ್ಟೇ ಕರಾರುವಾಕ್ಕಾಗಿದ್ದರೂ ಒಮ್ಮೆ ತೊಟ್ಟು ಓಡಾಡುವಷ್ಟರಲ್ಲಿ ನಲುಗಿಹೋಗುತ್ತದೆ. ಅದನ್ನು ಗಟ್ಟಿಗೊಳಿಸಲು ಬಳಸುವ ಮೂರು ವಸ್ತುಗಳಿಗೂ ಬೇರೆ ಬೇರೆ ಕೆಲಸಗಳಿವೆ. ರೆಸಿನ್ ಎಂಬ ಗಟ್ಟಿಯಾಗುವ ದ್ರವ ಕಾಗದದೊಳಗೆ ಇಳಿದು ಆಕಾರವನ್ನು ಹಿಡಿದಿಡುತ್ತದೆ, ಗಾಜಿನ ನಾರು ಬಲ ಕೊಡುತ್ತದೆ, ಪುಟ್ಟಿ ಹೊರಮೈಯನ್ನು ನಯಗೊಳಿಸುತ್ತದೆ. ಕಲಿಯುವವರ ಬಹುತೇಕ ತಪ್ಪುಗಳು ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದಾಗ ಆಗುವಂಥವು. ರೆಸಿನ್ನನ್ನೇ ನಾಲ್ಕು ಸಲ ಬಳಿದು ಬಲ ಬಂತೆಂದು ನಂಬುವುದು ಅವುಗಳಲ್ಲಿ ಮೊದಲನೆಯದು.

ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಪಾಲಿಯೆಸ್ಟರ್ ರೆಸಿನ್. ಅದರ ಉದ್ದನೆಯ ಅಣುಸರಪಳಿಗಳು ಸ್ಟೈರೀನ್ ಎಂಬ ದ್ರವದಲ್ಲಿ ಕರಗಿರುತ್ತವೆ. ಎಂಇಕೆಪಿ ಎಂಬ ಪೆರಾಕ್ಸೈಡ್ ಹಾರ್ಡನರ್ (ಗಟ್ಟಿಗೊಳಿಸುವ ದ್ರವ) ಬೆರೆಸಿದಾಗ ಸ್ಟೈರೀನ್ ಅಣುಗಳು ಆ ಸರಪಳಿಗಳನ್ನು ಅಡ್ಡಡ್ಡವಾಗಿ ಬೆಸೆಯುತ್ತವೆ. ಅಂದರೆ ರೆಸಿನ್ ಬಣ್ಣದಂತೆ ಒಣಗುವುದಿಲ್ಲ, ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ, ಮತ್ತು ಆ ಕ್ರಿಯೆ ಶಾಖವನ್ನು ಹೊರಬಿಡುತ್ತದೆ. ಸಾಮಾನ್ಯವಾಗಿ 100 ಗ್ರಾಂ ರೆಸಿನ್‌ಗೆ 1ರಿಂದ 2 ಗ್ರಾಂ ಹಾರ್ಡನರ್ ಸಾಕು. ಹೆಚ್ಚಾದರೆ ಶಾಖ ಏರಿ ಕಾಗದ ಸೊಟ್ಟಗಾಗಬಹುದು, ರೆಸಿನ್ ಬಿರುಕು ಬಿಡಬಹುದು. ತೀರಾ ಕಡಿಮೆಯಾದರೆ ದಿನಗಟ್ಟಲೆ ಕಾದರೂ ಪೂರ್ತಿ ಗಟ್ಟಿಯಾಗದೆ ಉಳಿಯಬಹುದು. ಅಂದಾಜಿನ ಹನಿಗಳನ್ನು ನೆಚ್ಚಿಕೊಳ್ಳದೆ ಚಿಕ್ಕ ತಕ್ಕಡಿಯಲ್ಲಿ ತೂಗಿ ಬೆರೆಸುವುದೇ ಸರಿಯೆಂಬುದು ನನ್ನ ದೃಢ ಅಭಿಪ್ರಾಯ. ಕೆಲವು ರೆಸಿನ್‌ಗಳ ಮೇಲ್ಮೈ ಗಟ್ಟಿಯಾದ ಮೇಲೂ ಅಂಟಂಟಾಗಿರುವುದಕ್ಕೆ ಗಾಳಿಯ ಆಮ್ಲಜನಕ ಕಾರಣ. ಮೇಣ ಬೆರೆಸಿದ ರೆಸಿನ್‌ನಲ್ಲಿ ಆ ಮೇಣ ಮೇಲೆ ತೇಲಿ ಗಾಳಿಯನ್ನು ತಡೆಯುವುದರಿಂದ ಕೊನೆಯ ಪದರಕ್ಕೆ ಅಂಥದ್ದು ಒಳ್ಳೆಯದು. ಅದರ ಮೇಲೆ ಮತ್ತೇನನ್ನಾದರೂ ಹಚ್ಚುವುದಿದ್ದರೆ ಮೇಣವನ್ನು ಉಜ್ಜಿ ತೆಗೆಯಬೇಕು.

ಎಚ್ಚರಿಕೆಯ ಮಾತು ಇಲ್ಲಿಯೇ ಬರಬೇಕು. ಸ್ಟೈರೀನ್ ಆವಿಯನ್ನು ಬಟ್ಟೆಯ ಮುಖಗವಸು ತಡೆಯುವುದಿಲ್ಲ. ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್, ನೈಟ್ರೈಲ್ ಕೈಗವಸು, ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ, ಗಾಳಿಯಾಡುವ ತೆರೆದ ಜಾಗ, ಇಷ್ಟೂ ಬೇಕು. ಹಾರ್ಡನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದಾದ್ದರಿಂದ ತಕ್ಷಣ ನೀರಿನಲ್ಲಿ ತೊಳೆಯಲು ಆರಂಭಿಸಿ, ಬಹಳ ಹೊತ್ತು ತೊಳೆದು, ವೈದ್ಯರಲ್ಲಿಗೆ ಹೋಗಬೇಕು. ಲೋಟದಲ್ಲಿ ಉಳಿದ ರೆಸಿನ್ ರಾಶಿಯಾಗಿದ್ದಷ್ಟೂ ಹೆಚ್ಚು ಕಾಯುತ್ತದೆ, ಹೊಗೆಯಾಡಲೂಬಹುದು. ಅದು ಗಟ್ಟಿಯಾಗಿ ತಣ್ಣಗಾಗುವವರೆಗೆ ಹೊರಗಿಟ್ಟು ಆಮೇಲೆ ಎಸೆಯಬೇಕು. ಥರ್ಮೋಕೋಲ್ ಲೋಟವನ್ನು ಸ್ಟೈರೀನ್ ಕರಗಿಸುವುದರಿಂದ ಅದನ್ನು ಬಳಸಲೇಬಾರದು.

ಮೊದಲ ಪದರ ಹೊರಮೈಗೆ, ತೆಳುವಾಗಿ. ರೆಸಿನ್ ಹೀರಿದ ಕಾಗದ ಗಟ್ಟಿಯಾಗುವ ಮುನ್ನ ಒದ್ದೆ ಕಾಗದದಂತೆಯೇ ಮೆತ್ತಗಾಗುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಆದ್ದರಿಂದ ಶಿರಸ್ತ್ರಾಣದ ಕುತ್ತಿಗೆಯ ಬಾಯಿಗೂ ಎದೆಗವಚದ ಎರಡು ಪಕ್ಕಗಳಿಗೂ ರಟ್ಟಿನ ಅಡ್ಡಪಟ್ಟಿಗಳನ್ನು ಮೊದಲೇ ಅಂಟಿಸಿ, ಒಳಗಿನ ನಾರಿನ ಪದರ ಗಟ್ಟಿಯಾದ ಮೇಲಷ್ಟೇ ತೆಗೆಯಬೇಕು. ಒಮ್ಮೆ ಸೊಟ್ಟಗೆ ಗಟ್ಟಿಯಾದ ಕವಚವನ್ನು ಮತ್ತೆ ನೆಟ್ಟಗೆ ಮಾಡುವುದು ಬಹಳ ಕಷ್ಟ.

ಬಲ ಬರುವುದು ಒಳಮೈಗೆ ಹಾಕುವ ಗಾಜಿನ ನಾರಿನಿಂದ. ಬರಿಯ ರೆಸಿನ್ ಪೆಡಸಾದ ವಸ್ತು, ಬಿದ್ದರೆ ಸೀಳುತ್ತದೆ. ಎಳೆತವನ್ನು ನಾರು ಹೊರುತ್ತದೆ, ಆ ನಾರುಗಳ ನಡುವೆ ಭಾರವನ್ನು ಹಂಚುವುದು ರೆಸಿನ್. ಹಾಸು ನಾರನ್ನು, ಅಂದರೆ ತುಂಡು ನಾರುಗಳನ್ನು ಅಂಟಿನಿಂದ ಹಿಡಿದಿಟ್ಟ ಚಾಪೆಯಂಥ ಹಾಳೆಯನ್ನು, ಅಂಗೈ ಅಗಲದ ತುಂಡುಗಳಾಗಿ ಹರಿದುಕೊಳ್ಳಬೇಕು; ಕತ್ತರಿಸಿದ ಅಂಚು ಮೆಟ್ಟಿಲಿನಂತೆ ಎದ್ದು ಕಾಣುತ್ತದೆ, ಹರಿದ ಅಂಚು ಪಕ್ಕದ ತುಂಡಿನೊಂದಿಗೆ ಬೆರೆತುಹೋಗುತ್ತದೆ. ಕುಂಚವನ್ನು ಎಳೆಯದೆ ತುದಿಯಿಂದ ಕುಟ್ಟುತ್ತಾ ರೆಸಿನ್ ಇಳಿಸಬೇಕು. ಗಾಜು ಮತ್ತು ರೆಸಿನ್‌ಗಳ ವಕ್ರೀಭವನ ಸೂಚ್ಯಂಕಗಳು (ಬೆಳಕನ್ನು ಬಾಗಿಸುವ ಪ್ರಮಾಣ) ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಚೆನ್ನಾಗಿ ನೆನೆದ ನಾರು ಪಾರದರ್ಶಕವಾಗುತ್ತದೆ. ಬೆಳ್ಳಗೆ ಉಳಿದ ಜಾಗವೆಂದರೆ ಅಲ್ಲಿ ಗಾಳಿ ಇದೆ ಎಂದರ್ಥ. ಹಾಸು ನಾರು ತನ್ನ ತೂಕದ ಸುಮಾರು 2ರಿಂದ 2.5 ಪಟ್ಟು ರೆಸಿನ್ ಹೀರುತ್ತದೆ, ಅದಕ್ಕಿಂತ ಹೆಚ್ಚು ಸುರಿದರೆ ಬರುವುದು ತೂಕವೇ ಹೊರತು ಬಲವಲ್ಲ.

ಎಲ್ಲ ಕಡೆಯೂ ಪದರ ಹೆಚ್ಚಿಸಬೇಕಾಗಿಲ್ಲ. ಒಂದೇ ವಸ್ತುವಿನ ಹಾಳೆಯ ದಪ್ಪ ಎರಡರಷ್ಟಾದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ಎಂಟರಷ್ಟಾಗುತ್ತದೆ. ಆದ್ದರಿಂದ ಅಂಚುಗಳು, ಪಟ್ಟಿ ಕಟ್ಟುವ ಜಾಗಗಳು, ಭುಜದ ಮೇಲ್ಭಾಗ ಇಲ್ಲಿಗೆ ಮಾತ್ರ ಇನ್ನೊಂದು ಪದರ ಕೊಟ್ಟರೆ ಕವಚ ಹಗುರವಾಗಿಯೂ ಉಳಿಯುತ್ತದೆ.

ಪಾಲಿಯೆಸ್ಟರ್ ಬದಲು ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಬಳಸುವವರಿಗೆ ಎರಡು ಮಾತು. ಅದರ ಹಾರ್ಡನರ್ ಪ್ರಮಾಣ ನಿಗದಿಯಾದದ್ದು, ಬೇಗ ಗಟ್ಟಿಯಾಗಲೆಂದು ಹೆಚ್ಚಿಸುವಂತಿಲ್ಲ. ಹಾಸು ನಾರನ್ನು ಹಿಡಿದಿಡುವ ಅಂಟು ಬಹುಮಟ್ಟಿಗೆ ಸ್ಟೈರೀನ್‌ನಲ್ಲಿ ಕರಗುವಂಥದ್ದಾದ್ದರಿಂದ ಎಪಾಕ್ಸಿಯ ಜೊತೆಗೆ ನೇಯ್ದ ಗಾಜಿನ ಬಟ್ಟೆಯೇ ಹೊಂದುತ್ತದೆ.

ಪುಟ್ಟಿಯ ಸರದಿ ಇದೆಲ್ಲ ಮುಗಿದ ಮೇಲೆಯೇ, ಏಕೆಂದರೆ ಬಾಗುವ ಮೈಯ ಮೇಲೆ ಹಚ್ಚಿದ ಪುಟ್ಟಿ ಬಿರುಕುಬಿಟ್ಟು ಉದುರುತ್ತದೆ. ಕಾರಿನ ಮೈಗೆ ಬಳಸುವ ಪುಟ್ಟಿ ಎಂದರೆ ಮುಖ್ಯವಾಗಿ ಪಾಲಿಯೆಸ್ಟರ್ ರೆಸಿನ್‌ಗೆ ಟಾಲ್ಕ್‌ನಂಥ ಪುಡಿ ಬೆರೆಸಿದ ಮಿಶ್ರಣ. ಅದರ ಹಾರ್ಡನರ್‌ಗೆ ಬಣ್ಣ ಕೊಟ್ಟಿರುವುದರಿಂದ ಗೆರೆಗಳು ಮಾಯವಾಗಿ ಒಂದೇ ಬಣ್ಣ ಬರುವವರೆಗೆ ಕಲಸಿದರೆ ಸಾಕು. ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದರಿಂದ ನಿಂಬೆಗಾತ್ರಕ್ಕಿಂತ ಹೆಚ್ಚು ಕಲಸಬಾರದು. ಹಚ್ಚುವ ಮೊದಲು ಮೈಯನ್ನು 80ರ ಉಜ್ಜುಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಒರಟು ಮಾಡಿ, ಗಟ್ಟಿಯಾದ ಮೇಲೆ 120, 220, 400ರ ಕ್ರಮದಲ್ಲಿ ನಯಗೊಳಿಸಬೇಕು. ಬೆರಳು ತಗ್ಗಿನೊಳಕ್ಕೂ ಇಳಿಯುವುದರಿಂದ ಉಜ್ಜುಕಾಗದವನ್ನು ಮರದ ತುಂಡಿಗೆ ಸುತ್ತಿಕೊಳ್ಳಬೇಕು. ಗಾಢ ಬಣ್ಣವನ್ನು ತೆಳ್ಳಗೆ ಸಿಂಪಡಿಸಿ ಉಜ್ಜಿದರೆ ತಗ್ಗುಗಳಲ್ಲಿ ಬಣ್ಣ ಉಳಿದು, ಎಲ್ಲಿ ಇನ್ನೂ ಪುಟ್ಟಿ ಬೇಕೆಂಬುದು ಕಾಣುತ್ತದೆ. ಗಾಜಿನ ನಾರಿನ ಮತ್ತು ಪುಟ್ಟಿಯ ದೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಉಜ್ಜುವಾಗ ದೂಳಿನ ಫಿಲ್ಟರ್ ಬೇಕು. ನೀರು ತಾಳುವ ಉಜ್ಜುಕಾಗದದಿಂದ ಒದ್ದೆಯಾಗಿಯೇ ಉಜ್ಜಿದರೆ ದೂಳು ಕಡಿಮೆಯಾಗುತ್ತದೆ.

ಬಣ್ಣ ಹಚ್ಚುವ ಮೊದಲು ಒಳಗಿನ ಅಂಚುಗಳ ಮೇಲೆ ಕೈಗವಸು ತೊಟ್ಟು ಬೆರಳಾಡಿಸಬೇಕು. ಹೊರಚಾಚಿದ ಒಂದೊಂದು ನಾರೂ ಸೂಜಿಯಷ್ಟು ಚೂಪಾಗಿರುತ್ತದೆ. ಅವನ್ನು ಉಜ್ಜಿ, ಮೇಲೊಂದು ತೆಳು ರೆಸಿನ್ ಪದರ ಕೊಟ್ಟು, ಅದು ಪೂರ್ತಿ ಗಟ್ಟಿಯಾದ ನಂತರ ಮೈಗೆ ತಾಗುವ ಕಡೆಯಲ್ಲೆಲ್ಲ ಫೋಮ್ ಅಂಟಿಸಬೇಕು.